ಇಂಟರ್‌ನೆಟ್ ನಿರ್ಧಾರಗಳಲ್ಲಿ ನಮ್ಮ ಮಾತು ನಡೆಯುತ್ತಾ?

ಪ್ರಶ್ನೆ: ಇಂಟರ್‌ನೆಟ್ ಬಗ್ಗೆ ತೀರ್ಮಾನ ಮಾಡೋರೆಲ್ಲ ಅಮೆರಿಕದವರೇ ಅಂತಾರೆ. ಭಾರತದಂಥ ದೇಶಗಳ ಮಾತಿಗೆ ಬೆಲೆ ಇದೆಯಾ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇದೆ. ಆದರೆ ಹೋಗಿ ಕೂತು ಕೆಲಸ ಮಾಡಿದ ಕಡೆ ಜಾಸ್ತಿ, ಬರೀ ಆಕ್ಷೇಪ ಎತ್ತಿದ ಕಡೆ ಕಡಿಮೆ.

ಡಾಟ್ ಕಾಮ್, ಡಾಟ್ ಇನ್ ಥರದ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವುದು ಐಕ್ಯಾನ್. 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಸಂಸ್ಥೆ. ಅಮೆರಿಕ ಸರ್ಕಾರದ ಜೊತೆಗಿದ್ದ ಒಪ್ಪಂದ 2016ರಲ್ಲಿ ಮುಗಿಯಿತು. ಅಲ್ಲಿ ಎಲ್ಲ ಸರ್ಕಾರಗಳಿಗೂ ಸೇರಿ ಒಂದು ಸಮಿತಿ ಇದೆ. ಅದು ಸಲಹೆ ಕೊಡಬಹುದು, ತೀರ್ಮಾನ ಆಡಳಿತ ಮಂಡಳಿಯದು.

ಡಾಟ್ ಅಮೆಜಾನ್ ವಿಷಯದಲ್ಲಿ ಏನಾಯ್ತು ನೋಡಿ. ಆ ಹೆಸರು ಬೇಕೆಂದು ಅಮೆಜಾನ್ ಕಂಪನಿ ಕೇಳಿತು. ಅದು ನಮ್ಮ ನದಿ, ನಮ್ಮ ಕಾಡಿನ ಹೆಸರು ಅಂತ ಬ್ರೆಜಿಲ್, ಪೆರು ಅಡ್ಡ ನಿಂತವು. 2013ರಲ್ಲಿ ಸಮಿತಿಯೂ ಕೊಡಬೇಡಿ ಅಂದಿತು, 2014ರಲ್ಲಿ ಮಂಡಳಿ ಅದನ್ನು ಒಪ್ಪಿತು. ಕಂಪನಿ ಸುಮ್ನೆ ಕೂರಲಿಲ್ಲ. ಮರುಪರಿಶೀಲನೆಗೆ ಹೋಗಿ ಗೆದ್ದಿತು. 2019ರಲ್ಲಿ ಮಂಡಳಿ ಕಂಪನಿಯ ಪರ ನಿಂತಿತು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಇನ್ನು ನಮ್ಮ ಕನ್ನಡದ ವಿಷಯ. ಡಾಟ್ ನಂತರದ ಭಾಗ ಕನ್ನಡದಲ್ಲಿ ಬರಬೇಕಾದರೆ ಯಾವ ಅಕ್ಷರ ಎಲ್ಲಿ ಬರಬಹುದು ಅಂತ ನಿಯಮ ಬೇಕು. ಸ್ವರಚಿಹ್ನೆ ವ್ಯಂಜನದ ಬೆನ್ನಿಗೇ ಬರಬೇಕು, ಒಂಟಿಯಾಗಿ ಅಲ್ಲ. ಕನ್ನಡದ ರ, ಗ, ಲ ಮತ್ತು ತೆಲುಗಿನ ర, గ, ల ನೋಡಲು ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್‌ಗೆ ಮಾತ್ರ ಬೇರೆ ಬೇರೆ. ಈ ಹೋಲಿಕೆ ಗಮನಿಸದೆ ಬಿಟ್ಟರೆ ಒಂದೇ ಥರ ಕಾಣುವ ಎರಡು ಹೆಸರು ಇಬ್ಬರ ಪಾಲಾಗಬಹುದು. ಗ್ರಾಹಕ ಧಾರವಾಡದ ಪೇಡೆ ಅಂಗಡಿಗೆ ಅಂತ ಕಳಿಸಿದ ದುಡ್ಡು ಮೋಸಗಾರನ ಕೈ ಸೇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಇದು ಹೊಳೆಯುವುದು ಕಷ್ಟ, ಅಲ್ವಾ? ನಮ್ಮ ಭಾಷೆಗಳನ್ನು ಬಲ್ಲವರೂ ತಂತ್ರಜ್ಞರೂ ಸೇರಿ ಒಂದೊಂದು ಅಕ್ಷರ ಕುರಿತೂ ಚರ್ಚಿಸಿ ನಿಯಮ ಬರೆದರು. ಐಕ್ಯಾನ್ ಅದನ್ನೇ ಒಪ್ಪಿಕೊಂಡಿತು. ಇವತ್ತು ‘.ಭಾರತ’ ಕನ್ನಡ ಲಿಪಿಯಲ್ಲೇ ಇದೆ.

2011ರಲ್ಲಿ ಭಾರತ ಇಂಟರ್‌ನೆಟ್ ವಿಷಯ ನೋಡಿಕೊಳ್ಳಲು ವಿಶ್ವಸಂಸ್ಥೆಯಲ್ಲಿ 50 ದೇಶಗಳ ಸಮಿತಿ ಬೇಕೆಂದು ಕೇಳಿತ್ತು. ಅದು ಆಗಲಿಲ್ಲ. ಒಳ್ಳೆಯದೇ ಆಯ್ತು ಅನ್ನುತ್ತೇನೆ, ಬರೀ ಸರ್ಕಾರಗಳ ಕೋಣೆಯಲ್ಲಿ ನಿಮ್ಮಂಥ ವಿದ್ಯಾರ್ಥಿಗೆ ಜಾಗ ಎಲ್ಲಿ? ವಿಶ್ವಸಂಸ್ಥೆಯದೇ ಇಂಟರ್‌ನೆಟ್ ಆಡಳಿತ ವೇದಿಕೆ 2008ರಲ್ಲಿ ಹೈದರಾಬಾದಿನಲ್ಲಿ ಸೇರಿತ್ತು. ಅಲ್ಲಿ ಚರ್ಚೆ ನಡೆಯುತ್ತದೆ, ತೀರ್ಮಾನ ಅಲ್ಲ.

ನಿಜವಾದ ತೊಡಕು ಖರ್ಚು ಮತ್ತು ಸಮಯ. ಐಕ್ಯಾನ್ ಸಭೆಗಳು ವರ್ಷಕ್ಕೆ ಮೂರು, ಪ್ರತಿ ಸಲ ಬೇರೆ ದೇಶದ ಊರು. ದೊಡ್ಡ ಕಂಪನಿಗಳು ಅದಕ್ಕೇ ಅಂತ ಜನ ಇಟ್ಟಿರುತ್ತವೆ. ನಮ್ಮಂಥವರಿಗಾಗಿ ಐಕ್ಯಾನ್‌ನ ಫೆಲೋಶಿಪ್ ಇದೆ, ಪ್ರಯಾಣದ ಖರ್ಚು ಐಕ್ಯಾನ್‌ದೇ. ಐಕ್ಯಾನ್‌ನ ಕರಡು ನಿಯಮಗಳಿಗೆ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಅಭಿಪ್ರಾಯ ಬರೆಯಬಹುದು. ಕನ್ನಡದ ಇಮೇಲ್ ವಿಳಾಸವನ್ನು ಈಗಲೂ ಎಷ್ಟೋ ಫಾರ್ಮ್‌ಗಳು ತಪ್ಪು ಅಂತ ತಿರಸ್ಕರಿಸುತ್ತವೆ. ನೀವು ಈ ತೊಂದರೆಯಿಂದಲೇ ಶುರು ಮಾಡಿ.