ಬಿದ್ದ ಕಂದು ಎಲ್ಲಿಗೆ ಹೋಯಿತು?

ಚಳ್ಳಕೆರೆ ಕಡೆಯ ಒಂದು ಹಟ್ಟಿಯಿಂದ ಕುರಿ ಸಾಕುವ ಯಜಮಾನರೊಬ್ಬರು ನಮ್ಮ ಪಶು ಆಸ್ಪತ್ರೆಗೆ ಬಂದಿದ್ದರು. ನಾಲ್ಕು ತಿಂಗಳಲ್ಲಿ ಒಂದೊಂದಾಗಿ ಏಳು ಕುರಿ ಕಂದು ಹಾಕಿದ್ದವು, ಅಂದರೆ ಗರ್ಭಪಾತ ಆಗಿತ್ತು. ಎಲ್ಲವೂ ದಿನ ತುಂಬುತ್ತಾ ಬಂದ ಗಬ್ಬದ ಕುರಿಗಳೇ. ನಾನು ಬರೆದುಕೊಳ್ಳುತ್ತಿದ್ದಾಗ ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು.

"ಯಾಕೆ ಯಜಮಾನ್ರೇ?" ಅಂದೆ.

"ನಂದೂ ಸರಿ ಇಲ್ಲ ಸಾ. ಮೂರು ತಿಂಗಳಾತು. ಸಂಜೆ ಆದ್ರೆ ಮೈ ಕಾಯ್ತೈತೆ. ರಾತ್ರಿ ಬೆವರಿಗೆ ಕಂಬಳಿ ಒದ್ದೆ. ಸೊಂಟ ಹಿಡ್ಕಂಡೈತೆ. ಟೈಫಾಯ್ಡ್ ಅಂತ ಎರಡು ಸಲ ಮಾತ್ರೆ ಕೊಟ್ರು."

ಕುರಿ ಕಂದು ಹಾಕುತ್ತಿರುವುದನ್ನು ಡಾಕ್ಟರಿಗೆ ಹೇಳಿದಿರಾ ಅಂತ ಕೇಳಿದೆ. "ಮನುಷ್ಯರ ಡಾಕ್ಟ್ರಿಗೆ ಕುರಿ ಸುದ್ದಿ ಯಾಕ್ ಸಾ?" ಅಂದರು. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಮೂರು ತಿಂಗಳು ಹೋಯಿತು.

ರಕ್ತ ಪರೀಕ್ಷೆ ಮಾಡಿಸಿದಾಗ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಅಂತಲೇ ಬಂತು. ನಾವು ಕಂದು ರೋಗ ಅನ್ನುವುದು ಇದರಿಂದ ಬರುವ ರೋಗವನ್ನೇ. 1887ರಲ್ಲಿ ಬ್ರಿಟಿಷ್ ಸೇನೆಯ ಡಾಕ್ಟರ್ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ ಈ ಬ್ಯಾಕ್ಟೀರಿಯಾ ಕಂಡರು. ಅದು ಎಲ್ಲಿಂದ ಬರುತ್ತದೆ ಅಂತ ಗೊತ್ತಾಗಲು 1905 ಆಗಬೇಕಾಯಿತು. ನೋಡಲು ಗಟ್ಟಿಮುಟ್ಟಾಗಿದ್ದ ಮೇಕೆಗಳ ಹಾಲಿನಲ್ಲಿತ್ತು!

ಹಾಲು ಕಾಯಿಸಿ ಕುಡಿಯಿರಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ನಮ್ಮ ಕುರಿ ಹಟ್ಟಿಗಳಲ್ಲಿ ರೋಗ ಜಾಸ್ತಿ ದಾಟುವುದು ಕೈಯಿಂದ. ಕಂದು ಬಿದ್ದಾಗ ಬರುವ ನೀರು, ಕಸ (ಮಾಸು), ಸತ್ತ ಮರಿ, ಇವುಗಳಲ್ಲಿ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತದೆ. ಮರಿ ಸಿಕ್ಕಿಕೊಂಡರೆ ಬರಿಗೈಯಲ್ಲಿ ಎಳೆಯುತ್ತೇವೆ. ಕೈಯಲ್ಲೊಂದು ಮುಳ್ಳು ಗೀರಿದ ಗಾಯ ಇದ್ದೇ ಇರುತ್ತದೆ, ಜಾಲಿ ಸೀಮೆ ಅಲ್ವಾ.

"ಬಿದ್ದ ಕಂದು ಏನು ಮಾಡಿದ್ರಿ?"

"ಬೇಲಿ ಆಚೆ ಒಗೆದ್ವಿ ಸಾ. ನಾಯಿ ತಿಂದ್ವು."

ನನಗೆ ಮುಖ್ಯವಾಗಿ ಕಂಡಿದ್ದು ಈ ಮಾತು. ನಾಯಿ ತಿಂದಿದ್ದು ಅಲ್ಲಿಗೆ ಮುಗಿಯುವುದಿಲ್ಲ. ಅರ್ಧ ತಿಂದು ಅರ್ಧ ಎಳೆದುಕೊಂಡು ಕುರುಚಲಿಗೆ ಹೋಗುತ್ತದೆ. ಉಳಿದಿದ್ದಕ್ಕೆ ಗುಳ್ಳೆನರಿ, ಕಾಡುಹಂದಿ ಬರುತ್ತವೆ. ಅದೇ ಜಾಗದಲ್ಲಿ ಮರುದಿನ ಇನ್ನೊಬ್ಬರ ಮಂದೆ ಮೇಯುತ್ತದೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಅನ್ನುವ ನಾಲ್ಕು ಕೊಂಬಿನ ಕಾಡುಪ್ರಾಣಿಗಾಗಿಯೇ ವನ್ಯಧಾಮ ಇದೆ. ಆ ಕಾಡಿನ ಅಂಚಿಗೂ ಊರ ಕುರಿಗೂ ನಡುವೆ ಗೋಡೆ ಏನೂ ಇಲ್ಲ. ಕಾಡುಪ್ರಾಣಿಯಿಂದ ರೋಗ ಬಂತು ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಎಷ್ಟೋ ಸಲ ಕಾಡಿಗೆ ಒಗೆದವರು ನಾವೇ.

ದನ ಈದಾಗ ಕಸವನ್ನು ಗೋಣಿಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ನೇತು ಹಾಕುವ ಪದ್ಧತಿ ಇದೆ. ಹಾಲು ಸುರಿಯುವ ಮರಕ್ಕೆ ಕಟ್ಟಿದರೆ ದನ ಹಾಲು ಜಾಸ್ತಿ ಕೊಡುತ್ತದೆ ಅಂತ ನಂಬಿಕೆ. ನಾನು ಇದಕ್ಕೆ ನಗುವುದಿಲ್ಲ. ನಾಯಿ ಬಾಯಿಗೆ ಸಿಗದಂತೆ ಮಾಡಿದರಲ್ಲ, ಅರ್ಧ ಕೆಲಸ ಆಯಿತು. ಆದರೆ ಕಂದು ಹಾಕಿದ ದನದ ಕಸ ಮರಕ್ಕೆ ಹೋಗಬಾರದು, ಆಳದ ಗುಂಡಿಗೆ ಹೋಗಬೇಕು, ಮೇಲೆ ಸುಣ್ಣ. ಗ್ಲೌಸ್ ಇಲ್ಲದಿದ್ದರೆ ಕೈಗೆ ತೂತಿಲ್ಲದ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ.

ಹೆಣ್ಣುಗರುಗಳಿಗೆ 4ರಿಂದ 8 ತಿಂಗಳ ಒಳಗೆ ಕಂದು ರೋಗದ ಲಸಿಕೆ ಹಾಕುವ ರಾಷ್ಟ್ರೀಯ ಕಾರ್ಯಕ್ರಮ 2019ರಲ್ಲಿ ಶುರುವಾಯಿತು. ಜೀವಮಾನಕ್ಕೆ ಒಂದೇ ಸಲ. ಅದು ಜೀವಂತ ಲಸಿಕೆ, ಸೂಜಿ ನಮ್ಮ ಬೆರಳಿಗೆ ತಗುಲಿದರೆ ನಮಗೇ ಜ್ವರ. ಕುರಿ ಮೇಕೆ ಆ ಕಾರ್ಯಕ್ರಮದಲ್ಲಿ ಇಲ್ಲ. ಚಿತ್ರದುರ್ಗದಂಥ ಕುರಿ ಸೀಮೆಯಲ್ಲಿ ಕೂತವನಿಗೆ ಇದು ದೊಡ್ಡ ಕೊರತೆ ಅಂತಲೇ ಕಾಣುತ್ತದೆ.

ಒಗೆಯುವ ಮಾತು ಬಂದ ಮೇಲೆ ನೆರಡಿ ರೋಗ ಬಿಡುವಂತಿಲ್ಲ. ಆಂಥ್ರಾಕ್ಸ್ ಅಂದರೂ ಅದೇ. ಸಂಜೆ ಚೆನ್ನಾಗಿದ್ದ ಕುರಿ ಬೆಳಿಗ್ಗೆ ಸತ್ತಿರುತ್ತದೆ. ಹೊಟ್ಟೆ ಉಬ್ಬಿರುತ್ತದೆ, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿರಬಹುದು. ಅದನ್ನು ಕೊಯ್ಯಬೇಡಿ. ಮುಚ್ಚಿದ ಹೆಣದೊಳಗೆ ಆ ಬ್ಯಾಕ್ಟೀರಿಯಾ ಕೊಳೆತು ಸಾಯುತ್ತದೆ. ಕೊಯ್ದರೆ ಗಾಳಿ ತಾಗುತ್ತದೆ, ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ. ನಾವು ಕೂಡ ಹೊಟ್ಟೆ ಬಗೆದು ನೋಡುವುದಿಲ್ಲ, ಕಿವಿಯಿಂದ ಒಂದು ಹನಿ ರಕ್ತ ತೆಗೆದುಕೊಳ್ಳುತ್ತೇವೆ ಅಷ್ಟೇ. "ಸುಮ್ನೆ ಹಾಳಾಗ್ತೈತೆ" ಅಂತ ಪಾಲು ಹಾಕಿಕೊಂಡವರ ಕೈಮೇಲೆ ನೋವಿಲ್ಲದ ಕಪ್ಪು ಹಕ್ಕಳೆಯ ಗಾಯ ಏಳುತ್ತದೆ. ಸಾರು ಕುದಿಸಿದೆವಲ್ಲ ಅನ್ನುತ್ತಾರೆ, ಆ ಕವಚ ಅಷ್ಟಕ್ಕೆಲ್ಲ ಜಗ್ಗುವುದಲ್ಲ.

ಮೊದಲಾದರೆ ರಣಹದ್ದುಗಳಿದ್ದವು. ಅವುಗಳ ಹೊಟ್ಟೆಯ ಆಮ್ಲ ಬಲು ಖಾರ. ಒಂದು ಹೆಣವನ್ನು ನೋಡನೋಡುತ್ತಿದ್ದಂತೆ ಮೂಳೆ ಮಾಡುತ್ತಿದ್ದವು. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಅವುಗಳ ಕಿಡ್ನಿ ಕೆಡಿಸಿತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು, ಅಷ್ಟರಲ್ಲಿ ಹದ್ದು ಹೋಗಿದ್ದವು. ಆ ಇಂಜೆಕ್ಷನ್ ಚುಚ್ಚಿದ್ದು ನಮ್ಮ ಕಸುಬಿನವರೇ, ಬೇರೆ ಯಾರೂ ಅಲ್ಲ. ಹದ್ದಿನ ಜಾಗಕ್ಕೆ ಈಗ ನಾಯಿ ಬಂದಿದೆ.

ದಾವಣಗೆರೆ ಕಡೆ, ಭದ್ರಾ ನಾಲೆಯ ಗದ್ದೆಗಳಲ್ಲಿ, ಇಲಿ ಜ್ವರದ್ದು ಬೇರೆ ಕಥೆ. ಅಲ್ಲಿ ನಿಂತ ನೀರು, ಇಲಿ ಉಚ್ಚೆ, ಕಾಲಿನ ಗಾಯ. ಜ್ವರದ ಜೊತೆ ಮೀನಖಂಡ ನೋವು, ಕೆಂಗಣ್ಣು ಇದ್ದರೆ ಗದ್ದೆಗೆ ಇಳಿದಿದ್ದನ್ನು ಡಾಕ್ಟರಿಗೆ ಹೇಳಬೇಕು.

ಯಜಮಾನರಿಗೆ ಆರು ವಾರ ಮಾತ್ರೆ ನಡೆಯಿತು. ಮೂರನೇ ವಾರಕ್ಕೆ ಜ್ವರ ಬಿಟ್ಟರೂ ಮಾತ್ರೆ ಬಿಡಬೇಡಿ ಅಂತ ಮಗನಿಗೆ ಎರಡು ಸಲ ಫೋನ್ ಮಾಡಿದ್ದೆ. ಆಮೇಲೆ ಒಂದು ದಿನ ಅವರೇ ಬಂದರು, ನಡಿಗೆ ನೆಟ್ಟಗಾಗಿತ್ತು. ಕುರಿ ಬಗ್ಗೆ ಮಾತಾಡಿ ಎದ್ದವರು ಬಾಗಿಲ ಹತ್ತಿರ ನಿಂತರು.

"ನಮ್ಮ ನಾಯಿದೂ ಒಂದು ರಕ್ತ ನೋಡ್ತೀರಾ ಸಾ? ಮೊಮ್ಮಗ ಅದರ ಜೊತೆಗೇ ಮಲಗ್ತಾನೆ."