ಇಡ್ಲಿ ಸೋತ ಚುನಾವಣೆ

ಒಂಬತ್ತು ಜನರ ಮನೆಯಲ್ಲಿ ನಾಳೆಯ ತಿಂಡಿಗೆ ಮತದಾನ ನಡೆಯಿತು ಎನ್ನಿ. ನಾಲ್ವರಿಗೆ ಮೊದಲು ಉಪ್ಪಿಟ್ಟು, ಆಮೇಲೆ ಇಡ್ಲಿ, ಕೊನೆಗೆ ದೋಸೆ. ಮೂವರಿಗೆ ದೋಸೆ, ಇಡ್ಲಿ, ಉಪ್ಪಿಟ್ಟು. ಉಳಿದಿಬ್ಬರಿಗೆ ಇಡ್ಲಿ, ದೋಸೆ, ಉಪ್ಪಿಟ್ಟು.

ಲೋಕಸಭೆಯ ಲೆಕ್ಕದಲ್ಲಿ ನಾಲ್ಕು ಮತದ ಉಪ್ಪಿಟ್ಟಿಗೇ ಗೆಲುವು, ಐವರು ಮುಖ ಸಿಂಡರಿಸಿದರೂ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಂತೆ ಪ್ರಾಶಸ್ತ್ಯ ಎಣಿಸಿದರೆ, ಮೊದಲ ಆಯ್ಕೆಯ ಮತ ಅತಿ ಕಡಿಮೆ ಇರುವ ಇಡ್ಲಿ ಮೊದಲ ಸುತ್ತಿನಲ್ಲೇ ಕಣದಿಂದ ಹೊರಬಿದ್ದು, ಅದರ ಎರಡು ಮತ ದೋಸೆಗೆ ಸೇರಿ, ದೋಸೆ 5-4ರಿಂದ ಗೆಲ್ಲುತ್ತದೆ. ಈಗ ಕುಸ್ತಿ ಅಖಾಡದಂತೆ ಇಬ್ಬಿಬ್ಬರನ್ನೇ ಇಳಿಸಿ ನೋಡಿ: ಇಡ್ಲಿ ಉಪ್ಪಿಟ್ಟನ್ನು 5-4ರಿಂದ, ದೋಸೆಯನ್ನು 6-3ರಿಂದ ಚಿತ್ ಮಾಡುತ್ತದೆ! ಮತಪತ್ರದ ಒಂದಕ್ಷರವೂ ಬದಲಾಗಿಲ್ಲ, ಗೆದ್ದವರು ಮಾತ್ರ ಮೂವರು. ಜನಾಭಿಪ್ರಾಯ ಪೆಟ್ಟಿಗೆಯೊಳಗೆ ಸಿದ್ಧವಾಗಿ ಕುಳಿತಿರುತ್ತದೆ, ಎಣಿಸುವುದಷ್ಟೇ ಬಾಕಿ ಎಂಬ ನಂಬಿಕೆಗೂ ಗ್ರಹಣದ ದಿನ ನೀರಿಗೆ ಹಾಕುವ ದರ್ಭೆಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಈ ಜೋಡಿ ಕುಸ್ತಿಗೆ ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆಯ ಹೆಸರಿದೆ. ಅವನು ಬರೆದದ್ದು 1785ರಲ್ಲಿ. ಮಯೋರ್ಕಾ ದ್ವೀಪದ ರಾಮೋನ್ ಲುಲ್ ಎಂಬ ಧರ್ಮಚಿಂತಕ 1299ರ ಹೊತ್ತಿಗಾಗಲೇ ಚರ್ಚಿನ ಚುನಾವಣೆಗಳಿಗೆಂದು ಇಂಥದ್ದನ್ನೇ ಬರೆದಿಟ್ಟಿದ್ದ. ಹಸ್ತಪ್ರತಿಗಳು ಗ್ರಂಥಭಂಡಾರಗಳಲ್ಲಿ ಮಲಗಿದ್ದವು. ಬೆಳಕಿಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಷ್ಟರಲ್ಲಿ ಅದೇ ಉಪಾಯವನ್ನು ಬೇರೆಯವರು ಮತ್ತೆ ಮತ್ತೆ ಕಂಡುಹಿಡಿದದ್ದೂ ಆಗಿತ್ತು.

ಆದ್ದರಿಂದಲೇ ಯಾರೂ ಹೆಸರೇ ಕೇಳಿರದ ಮತದಾನ ಪದ್ಧತಿಗಳಿಗೆ ವಿಶ್ವಕೋಶದಲ್ಲಿ ಜಾಗವೇಕೆ ಎಂದು ಯಾರಾದರೂ ಮೂಗು ಮುರಿದರೆ ನನಗೆ ರೇಗುತ್ತದೆ. ರಾಜ್ಯಸಭೆಗೆ ನಮ್ಮ ಶಾಸಕರು ಪ್ರಾಶಸ್ತ್ಯದ ಅಂಕಿ ಬರೆಯುತ್ತಾರಲ್ಲ, 1855ರಲ್ಲಿ ಡೆನ್ಮಾರ್ಕಿನಲ್ಲಿ ಆಂದ್ರೇ ಎಂಬ ರಾಜಕಾರಣಿ ಜಾರಿಗೆ ತಂದಾಗ ಅದೂ ವಿಚಿತ್ರ ಸರಕೇ. ಹಾಗೆಂದು ನಿನ್ನೆ ರಾತ್ರಿ ಹೊಸೆದ ಸೂತ್ರಕ್ಕೆ ಹೊಸೆದವರೇ ಪುಟ ಬರೆದುಕೊಳ್ಳುವುದು ಬೇಡ. ಹೆತ್ತವರಲ್ಲದೆ ಬೇರೆಯವರೂ ಕೂಸನ್ನು ಎತ್ತಿಕೊಂಡಿರಬೇಕು, ಕನಿಷ್ಠ ಬೈದಾದರೂ ಇರಬೇಕು.

ಶುಲ್ಜ್ ಪದ್ಧತಿಯನ್ನೇ ನೋಡಿ. ಅ, ಆ, ಇ ಎಂಬ ಮೂವರು ಅಭ್ಯರ್ಥಿಗಳಿದ್ದರೆ, ಕೆಲವೊಮ್ಮೆ ಜೋಡಿ ಕುಸ್ತಿಯಲ್ಲಿ ಅ ಆಯನ್ನು, ಆ ಇಯನ್ನು, ಇ ಮತ್ತೆ ಅಯನ್ನು ಸೋಲಿಸಿ ಚಕ್ರ ಸುತ್ತುತ್ತದೆ. ಆಗ ಒಬ್ಬರಿಂದ ಇನ್ನೊಬ್ಬರಿಗೆ ಗೆಲುವುಗಳ ಸರಪಳಿ ಎಳೆದು, ಅತಿ ಸಡಿಲ ಕೊಂಡಿಯಿಂದ ಅದರ ಬಲ ಅಳೆಯುತ್ತಾರೆ. ಹೆಚ್ಚು ಬಲದ ಸರಪಳಿ ಯಾರದೋ ಅವರು ಮೇಲೆ. ಜರ್ಮನಿಯ ಮಾರ್ಕುಸ್ ಶುಲ್ಜ್ ಇದನ್ನು ರೂಪಿಸಿದ್ದು 1997ರಲ್ಲಿ. ಬೀದಿಯಲ್ಲಿ ನೂರು ಜನರನ್ನು ಕೇಳಿದರೂ ಒಬ್ಬರಿಗೂ ಹೆಸರು ಗೊತ್ತಿರಲಾರದು. ವಿಕಿಪೀಡಿಯವನ್ನು ನಡೆಸುವ ಪ್ರತಿಷ್ಠಾನ 2008ರಲ್ಲಿ ತನ್ನ ಆಡಳಿತ ಮಂಡಳಿಯ ಚುನಾವಣೆಗೆ ಮತ ಎಣಿಸಿದ್ದು ಇದೇ ಪದ್ಧತಿಯಿಂದ.