ಬ್ಲಾಕ್ ಮಾಡಿದ್ದು ನಿಮಗೆ ಮಾತ್ರ ಗೊತ್ತು

ತಿಪಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು 16 ವರ್ಷ ಆಯಿತು. ಡಿಸ್‌ಪ್ಲೇ ಒಡೆದುಕೊಂಡವರು, ಚಾರ್ಜಿಂಗ್ ಪಿನ್ ಹಾಳಾದವರು ಬರುವುದು ಸರಿ. ಈಚೆಗೆ ಬರುವವರಲ್ಲಿ ಇನ್ನೊಂದು ಜಾತಿ ಇದೆ. ಫೋನಿಗೆ ಏನೂ ಆಗಿರುವುದಿಲ್ಲ. "ಬ್ಲಾಕ್ ಕೆಲಸ ಮಾಡ್ತಿಲ್ಲ, ಸ್ವಲ್ಪ ನೋಡಿ" ಅನ್ನುತ್ತಾರೆ. ನೋಡಿದರೆ ಬ್ಲಾಕ್ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತದೆ.

ಒಬ್ಬರು ರಿಟೈರ್ ಆದ ಮೇಷ್ಟ್ರು. ಅವರ ಬ್ಲಾಕ್ ಪಟ್ಟಿಯಲ್ಲಿ 412 ನಂಬರ್ ಇದ್ದವು. ರಾತ್ರಿ ಊಟ ಮುಗಿಸಿ, ಆ ದಿನ ಬಂದ ಲೋನ್ ಕಾಲು, ಸೈಟಿನ ಕಾಲು ಎಲ್ಲವನ್ನೂ ಒಂದೊಂದಾಗಿ ಬ್ಲಾಕ್ ಮಾಡುತ್ತಿದ್ದರು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಂಬರ್, ತಾರೀಖು, ಗಂಟೆ, ಏನು ಕೇಳಿದರು ಅನ್ನುವುದನ್ನು ಬರೆದಿಡುತ್ತಿದ್ದರು. ಹಾಜರಿ ಪುಸ್ತಕದ ಹಾಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದರು.

"ಇಷ್ಟು ಮಾಡಿದ್ರೂ ನಿಲ್ತಿಲ್ವಲ್ಲಪ್ಪ" ಅಂದರು.

ನಾನು ಪಟ್ಟಿ ಇಳಿಸುತ್ತಾ ಹೋದೆ. ಅದರಲ್ಲಿ ಗ್ಯಾಸ್ ಸಿಲಿಂಡರ್ ತರುವ ಹುಡುಗನ ನಂಬರೂ ಸಿಕ್ಕಿತು. ಎರಡು ತಿಂಗಳಿಂದ "ನಿಮ್ಮ ಹುಡುಗ ಫೋನೇ ಮಾಡಲ್ಲ" ಅಂತ ಏಜೆನ್ಸಿಯವರ ಜೊತೆ ಜಗಳ ಆಡುತ್ತಿದ್ದರಂತೆ.

ಬ್ಲಾಕ್ ಮಾಡೋದು ಹೇಗೆ ಅಂತ ನಾನು ಹೇಳುವುದಿಲ್ಲ. ಅದು ಮೇಷ್ಟ್ರಿಗೆ ನನಗಿಂತ ಚೆನ್ನಾಗಿ ಗೊತ್ತು. ಹೇಳಬೇಕಾದ್ದು ಒಂದೇ: ಬ್ಲಾಕ್ ನಡೆಯುವುದು ನಿಮ್ಮ ಫೋನಿನ ಒಳಗೆ. ನೀವು ಒತ್ತಿದ್ದು ಸಿಮ್ ಕಂಪನಿಗೆ ಗೊತ್ತಾಗುವುದಿಲ್ಲ, ಸರ್ಕಾರಕ್ಕೂ ಗೊತ್ತಾಗುವುದಿಲ್ಲ. ಕರೆ ಮಾಡಿದವನಿಗೆ ಗೊತ್ತಾದರೂ ಅವನಿಗೇನು ನಷ್ಟ? ನಾಳೆ ಇನ್ನೊಂದು ನಂಬರಿನಿಂದ ಮಾಡುತ್ತಾನೆ. ಒಂದೇ ಲೈನಿಗೆ ನೂರಾರು ನಂಬರ್ ಒಟ್ಟಿಗೆ ಪಡೆಯುವ ಆಫೀಸುಗಳಿವೆ. ಕಂತೆ ಕಂತೆ ಸಿಮ್ ಇಟ್ಟುಕೊಂಡವರೂ ಇದ್ದಾರೆ. ನೀವು ಬಾಗಿಲು ಹಾಕಿದ್ದು ನಂಬರಿಗೆ, ಮನುಷ್ಯನಿಗಲ್ಲ.

"ಟ್ರೂಕಾಲರ್‌ನಲ್ಲಿ ಸ್ಪ್ಯಾಮ್ ಅಂತ ಹಾಕಿದೀನಲ್ಲ" ಅನ್ನುವವರೂ ಇದ್ದಾರೆ. ಕರೆ ಮಾಡಿದವರು ಯಾರು ಅಂತ ತೋರಿಸುವ ಆ್ಯಪ್ ಅದು. ಒಳ್ಳೆಯದೇ. ಆ ಆ್ಯಪ್ ಇಟ್ಟುಕೊಂಡ ಬೇರೆಯವರಿಗೆ ಅದು ಕೆಂಪಗೆ ಕಾಣುತ್ತದೆ. ಆದರೆ ಅದು ದೂರು ಅಲ್ಲ.

ದೂರು ಅಂದರೆ 1909, ಬೇಡದ ಜಾಹೀರಾತು ಕರೆಗಳ ಬಗ್ಗೆ ಸಿಮ್ ಕಂಪನಿಗೆ ತಿಳಿಸುವ ನಂಬರ್. ಈ ನಂಬರ್ ಎಷ್ಟೋ ವರ್ಷಗಳಿಂದ ಇದೆ. ಜನ ಅದನ್ನು ಡಿಎನ್‌ಡಿ, ಅಂದರೆ ಜಾಹೀರಾತು ಕರೆ ಬೇಡ ಅನ್ನುವ ನೋಂದಣಿ, ಹಾಕಿಸುವುದಕ್ಕೆ ಮಾತ್ರ ಅಂದುಕೊಂಡಿದ್ದಾರೆ. ಡಿಎನ್‌ಡಿ ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಗೌರವಿಸುವುದು ನೋಂದಣಿ ಮಾಡಿಸಿಕೊಂಡ ಮಾರಾಟಗಾರರು. ಅವರ ಜಾಹೀರಾತಿನ ಕರೆ 140ರಿಂದ ಶುರುವಾಗುವ ನಂಬರಿನಲ್ಲಿ ಬರಬೇಕು. ನಿಮ್ಮ ತಲೆ ತಿನ್ನುವವರು ಮಾಮೂಲಿ ಹತ್ತು ಅಂಕಿಯ ನಂಬರಿನಿಂದ ಮಾಡುತ್ತಾರೆ, ಅಲ್ವಾ? ಹಾಗೆ ಮಾಡುವುದೇ ತಪ್ಪು. ಅಂಥವರಿಗೆ ನಿಮ್ಮ ಡಿಎನ್‌ಡಿ ಲೆಕ್ಕಕ್ಕಿಲ್ಲ. ಲೆಕ್ಕಕ್ಕೆ ಬರುವುದು ನಿಮ್ಮ ದೂರು.

ಲೆಕ್ಕ ಅಂತ ಸುಮ್ನೆ ಹೇಳಲಿಲ್ಲ. ಸಿಮ್ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಟ್ರಾಯ್ 2025ರ ಫೆಬ್ರವರಿಯಲ್ಲಿ ನಿಯಮ ತಿದ್ದಿತು. ನೋಂದಣಿ ಇಲ್ಲದೆ ಹೀಗೆ ಕರೆ ಮಾಡುವವನ ಮೇಲೆ 10 ದಿನದಲ್ಲಿ 5 ದೂರು ಬಂದರೆ ಸಿಮ್ ಕಂಪನಿ ಕ್ರಮಕ್ಕೆ ಇಳಿಯಬೇಕು. ಮೊದಲು 7 ದಿನದಲ್ಲಿ 10 ದೂರು ಬೇಕಿತ್ತು. ತಪ್ಪು ಅಂತ ಖಚಿತವಾದರೆ ಮೊದಲ ಸಲ ಅವನ ಹೊರಹೋಗುವ ಕರೆಗಳು 15 ದಿನ ಬಂದ್. ಮತ್ತೆ ಮಾಡಿದರೆ ಅವನ ಎಲ್ಲ ಕನೆಕ್ಷನ್ ಒಂದು ವರ್ಷ ಕಟ್. ಇಂಥ ದೂರು ಕೊಡೋಕೆ ಡಿಎನ್‌ಡಿ ಇರಲೇಬೇಕು ಅಂತಲೂ ಈಗ ಇಲ್ಲ.

ಮತ್ತೊಂದು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಒಂದೇ ನಂಬರನ್ನು ಊರಿನ 500 ಜನ ಬ್ಲಾಕ್ ಮಾಡಿದರೂ ಆ ಲೆಕ್ಕದಲ್ಲಿ ಅದು ಸೊನ್ನೆ. 5 ಜನ ದೂರು ಕೊಟ್ಟರೆ 5.

ದೂರು ಕೊಡೋದು ಹೀಗೆ: ಮೆಸೇಜಿನಲ್ಲಿ ಕರೆ ಮಾಡಿದವರು ಏನು ಹೇಳಿದರು ಅಂತ ಚಿಕ್ಕದಾಗಿ, ಕಾಮಾ, ಕರೆ ಬಂದ ನಂಬರ್, ಕಾಮಾ, ತಾರೀಖು. ಅಷ್ಟನ್ನು 1909ಕ್ಕೆ ಕಳಿಸಿ. ಕರೆ ಬಂದ 7 ದಿನದೊಳಗೆ ಕಳಿಸಬೇಕು. ಮೇಷ್ಟ್ರ ನೋಟ್‌ಬುಕ್ ನೋಡಿ ನನಗೆ ಹೊಟ್ಟೆ ಉರಿದದ್ದು ಇದಕ್ಕೇ. ಬೇಕಾದ್ದೆಲ್ಲ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಒಂದನ್ನೂ ಕಳಿಸಿರಲಿಲ್ಲ.

ಕಳಿಸಿದ ಕೂಡಲೇ ಎಲ್ಲ ನಿಲ್ಲುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಕೆಲವು ದೂರು ತಿರಸ್ಕಾರ ಆಗುತ್ತವೆ. ನೀವೇ ಯಾವುದೋ ಅಂಗಡಿಯ ಫಾರಂನಲ್ಲಿ ಒಪ್ಪಿಗೆ ಕೊಟ್ಟು ಮರೆತಿರಬಹುದು. ಇನ್ನೊಂದು ಮಾತು. "ಪೊಲೀಸ್ ಮಾತಾಡ್ತಿದೀವಿ, ನಿಮ್ಮ ಪಾರ್ಸಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ" ಅನ್ನುವ ಕರೆ ಜಾಹೀರಾತಲ್ಲ, ಮೋಸ. ಅದನ್ನು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಮೋಸದ ಕರೆ ತಿಳಿಸೋಕೆ ಇರುವ ಚಕ್ಷು ವಿಭಾಗದಲ್ಲಿ ಹಾಕಿ. ದುಡ್ಡು ಹೋಗಿದ್ದರೆ ನನ್ನ ಅಂಗಡಿಗೆ ಬಂದು ಹೊತ್ತು ಕಳೆಯಬೇಡಿ. ನಿಂತಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ನಮ್ಮ ಕೊಬ್ಬರಿ ವ್ಯಾಪಾರಿಯೊಬ್ಬರು ಐಫೋನಿನಲ್ಲಿ ಗೊತ್ತಿಲ್ಲದ ನಂಬರೆಲ್ಲ ರಿಂಗ್ ಆಗದ ಹಾಗೆ ಮಾಡಿಕೊಂಡರು. ಹಾಯಾಗಿತ್ತು. ವಾರ ಕಳೆದ ಮೇಲೆ, ಉತ್ತರದ ಕಡೆಯ ಖರೀದಿದಾರ ಹೊಸ ನಂಬರಿನಿಂದ ನಾಲ್ಕು ಸಲ ಕರೆದು, ಸಿಗಲಿಲ್ಲ ಅಂತ ಪಕ್ಕದ ಮಂಡಿಯವರ ಹತ್ತಿರ ಮಾಲು ತೆಗೆದುಕೊಂಡಿದ್ದು ತಿಳಿಯಿತು. ಆ ಸೆಟ್ಟಿಂಗ್ ತೋರಿಸಿಕೊಟ್ಟವನು ನಾನೇ. ಈಗಲೂ ಎದುರು ಸಿಕ್ಕರೆ ನಗುತ್ತಾರೆ, ಆದರೆ ಫೋನ್ ರಿಪೇರಿಗೆ ಬೇರೆ ಕಡೆ ಹೋಗುತ್ತಾರೆ.

ಮೇಷ್ಟ್ರು ಮೊನ್ನೆ ಬಂದಿದ್ದರು. ನೋಟ್‌ಬುಕ್ಕಿನಲ್ಲಿ ಹೊಸ ಗೆರೆ ಎಳೆದು, ದೂರು ಕೊಟ್ಟಾಗ ಸಿಗುವ ನಂಬರಿಗೆ ಅಂತಲೇ ಒಂದು ಕಾಲಂ ಮಾಡಿದ್ದಾರೆ. ಹನ್ನೊಂದು ಕಳಿಸಿದ್ದಾರೆ. ಒಂದು ವಾಪಸ್ ಬಂದಿದೆ, ಅದಕ್ಕೆ ಭಾರಿ ಸಿಟ್ಟು. ನೋಡಿದೆ. ತಾರೀಖಿನಲ್ಲಿ ತಿಂಗಳು ತಪ್ಪಾಗಿತ್ತು. ಹೇಳಿದೆ. ಕನ್ನಡಕ ಏರಿಸಿ ಎರಡು ಸಲ ನೋಡಿದರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು, ತಮ್ಮದೇ ಸಾಲಿನ ಮೇಲೆ ದೊಡ್ಡದಾಗಿ ಒಂದು ತಪ್ಪು ಗುರುತು ಹಾಕಿಕೊಂಡರು.